ಗ್ಯಾಸ್ ಸಿಲಿಂಡರ್: ಮೂಗಿಗಿಂತ ಮೊದಲು ಕಾಲಿಗೆ ಬರುತ್ತೆ

ಆಯುಧಪೂಜೆಯ ಹಿಂದಿನ ದಿನ. ಸರಸ್ವತಿಪುರಂನ ನಮ್ಮ ಮನೆಯಲ್ಲಿ ಚಕ್ಕುಲಿ ಕರಿಯುತ್ತಿದ್ದೆ, ಎರಡನೇ ಒಬ್ಬೆ ಎಣ್ಣೆಯಲ್ಲಿರುವಾಗಲೇ ಉರಿ ಸಣ್ಣಗಾಗಿ ಆರಿಹೋಯಿತು. ಸಿಲಿಂಡರ್ ಖಾಲಿ. ಹೊಸದನ್ನು ತಂದು ಮುಚ್ಚಳ ಕಿತ್ತು, ಅವಸರದಲ್ಲೇ ರೆಗ್ಯುಲೇಟರ್ ಕೂರಿಸಿ ಆನ್ ಮಾಡಿದೆ. ಲೈಟರ್ ಕೈಗೆ ತಗೊಂಡಿದ್ದೆ, ನೆಲದ ಮೇಲೆ ಕೂತು ಹೂ ಕಟ್ಟುತ್ತಿದ್ದ ಅತ್ತೆ, "ತಡಿಯಮ್ಮ, ಏನೋ ಕೊಳೆತ ವಾಸನೆ ಬರ್ತಿದೆ" ಅಂದರು. ನಿಂತಿದ್ದ ನನಗೆ ಏನೂ ಗೊತ್ತಾಗಿರಲಿಲ್ಲ. ಆಫ್ ಮಾಡಿ ರೆಗ್ಯುಲೇಟರ್ ತೆಗೆದು ನೋಡಿದರೆ, ಬಾಯಿಯೊಳಗೆ ಇರಬೇಕಾದ ಕಪ್ಪು ರಬ್ಬರ್ ವಾಷರ್ರೇ ಇಲ್ಲ! ಅಡುಗೆಮನೆಯ ಮೂಲೆಯಲ್ಲೇ ನಮ್ಮ ದೇವರ ಮಂಟಪ. ಪುಣ್ಯಕ್ಕೆ ಸಂಜೆ ದೀಪ ಇನ್ನೂ ಹಚ್ಚಿರಲಿಲ್ಲ.

ಅತ್ತೆಗೆ ಮೊದಲು ವಾಸನೆ ಬಂದಿದ್ದು ಅವರ ಮೂಗು ಚುರುಕು ಅಂತ ಅಲ್ಲ, ಅವರು ಕೆಳಗೆ ಕೂತಿದ್ದರು ಅಂತ. ನಮ್ಮ ಸಿಲಿಂಡರ್‌ನಲ್ಲಿ ಇರೋದು ಪ್ರೋಪೇನ್ ಮತ್ತು ಬ್ಯೂಟೇನ್ ಬೆರೆಸಿದ ಎಲ್‌ಪಿಜಿ. ಎರಡಕ್ಕೂ ತಮ್ಮದೇ ವಾಸನೆ ಇಲ್ಲ, ಸೋರಿದರೆ ಗೊತ್ತಾಗಲಿ ಅಂತ ಮರ್ಕ್ಯಾಪ್ಟನ್ ಅನ್ನೋ ನಾರುವ ವಸ್ತುವನ್ನು ಸೇರಿಸಿರುತ್ತಾರೆ. ಎರಡೂ ಗಾಳಿಗಿಂತ ಭಾರ. ಹಾಗಾಗಿ ಸೋರಿದ ಗ್ಯಾಸ್ ಹೊಗೆಯ ಹಾಗೆ ಮೇಲೆ ಹೋಗಲ್ಲ, ಚೆಲ್ಲಿದ ನೀರಿನ ಹಾಗೆ ನೆಲದ ಮೇಲೆ ಹರಿದು ತಗ್ಗಿದ್ದ ಕಡೆ ಹೋಗಿ ನಿಲ್ಲುತ್ತದೆ. ಇದೊಂದು ತಲೆಯಲ್ಲಿದ್ದರೆ ಮುಂದೆ ಹೇಳುವ ಮುಕ್ಕಾಲು ಪಾಲು ನಿಮಗೇ ಹೊಳೆಯುತ್ತದೆ.

ಮೊದಲು ಜಾಗ. ಸಿಲಿಂಡರ್ ಯಾವಾಗಲೂ ನೆಟ್ಟಗೆ ನಿಂತಿರಬೇಕು, ಸಮ ನೆಲದ ಮೇಲೆ, ಒಲೆಗಿಂತ ಕೆಳಗೆ. ಒಲೆಯನ್ನು ನೆಲದ ಮೇಲಿಟ್ಟು ಪಕ್ಕದಲ್ಲೇ ಸಿಲಿಂಡರ್ ಇಟ್ಟು ಬೇಯಿಸೋದು ನಮ್ಮ ಕಡೆ ಮದುವೆ, ನಾಮಕರಣ ಅಂದರೆ ಮಾಮೂಲಿ, ಅದು ಬೇಡ. ಕಡಪ ಕಲ್ಲಿನ ಕಟ್ಟೆಯ ಕೆಳಗೆ ಇಟ್ಟು ಬಾಗಿಲು ಹಾಕಿಸಿದ್ದರೆ, ಆ ಬಾಗಿಲಿಗೆ ನೆಲಮಟ್ಟದಲ್ಲಿ ಗಾಳಿ ಆಡುವ ಕಿಂಡಿ ಇರಲೇಬೇಕು. ತುಂಬಾ ಜನ ಚಂದಕ್ಕೆ ಮೇಲ್ಗಡೆ ಜಾಲರಿ ಹಾಕಿಸುತ್ತಾರೆ. ಭಾರದ ಗ್ಯಾಸ್ ಮೇಲಿನ ಜಾಲರಿಯಿಂದ ಹೇಗೆ ಹೊರಗೆ ಹೋಗುತ್ತೆ ಹೇಳಿ? ಮಂಟಪ ಅಡುಗೆಮನೆಯಲ್ಲೇ ಇದ್ದರೆ ದೀಪ ಸಿಲಿಂಡರ್‌ನಿಂದ ಆದಷ್ಟು ದೂರ, ಎತ್ತರದಲ್ಲಿರಲಿ. ನಾವಂತೂ ದೇವರನ್ನೇ ನಡುಮನೆಗೆ ಕರೆತಂದೆವು. ಅತ್ತೆ ಒಂದು ವಾರ ಸರಿಯಾಗಿ ಮಾತಾಡಲಿಲ್ಲ, ಅದು ಬೇರೆ ವಿಷಯ.

ಸಿಲಿಂಡರ್ ಮನೆಗೆ ಬಂದಾಗ ಎರಡು ನಿಮಿಷ ತಗೊಳ್ಳಿ. ತಂದವರಿಗೆ ಆತುರ ಇರುತ್ತದೆ, ಪಾಪ, ಮೂರು ಮಹಡಿ ಹೊತ್ತು ಬಂದಿರುತ್ತಾರೆ. ಆದರೂ, "ಸ್ವಲ್ಪ ಇರಿ ಅಣ್ಣ, ನೋಡ್ಕೋತೀನಿ" ಅಂತ ಹೇಳಿ. ಸೀಲ್ ಹರಿದಿರಬಾರದು. ಖಾಲಿ ಸಿಲಿಂಡರ್‌ನ ತೂಕ ಅದರ ಮೈಮೇಲೇ ಬರೆದಿರುತ್ತದೆ, ಉದಾಹರಣೆಗೆ 15.3 ಕೆಜಿ ಅಂತಿದ್ದರೆ ಒಳಗಿನ 14.2 ಕೆಜಿ ಗ್ಯಾಸ್ ಸೇರಿ 29.5 ತೂಗಬೇಕು. ತೂಕ ಮಾಡಿ ತೋರಿಸಿ ಅಂತ ಕೇಳೋದು ನಿಮ್ಮ ಹಕ್ಕು, ಜಗಳ ಅಲ್ಲ.

ಆಮೇಲೆ ದಿನಾಂಕ. ಸಿಲಿಂಡರ್‌ನ ಬಾಯಿಯ ಸುತ್ತ ಹಿಡಿಯನ್ನು ಹೊತ್ತ ಮೂರು ಪಟ್ಟಿಗಳಿರುತ್ತವೆ. ಅದರಲ್ಲಿ ಒಂದರ ಒಳಮುಖದಲ್ಲಿ ಇಂಗ್ಲಿಷಿನ ಒಂದು ಅಕ್ಷರ, ಪಕ್ಕದಲ್ಲಿ ಎರಡು ಅಂಕಿ. ಎ ಅಂದರೆ ಜನವರಿಯಿಂದ ಮಾರ್ಚ್, ಬಿ ಏಪ್ರಿಲ್‌ನಿಂದ ಜೂನ್, ಸಿ ಜುಲೈನಿಂದ ಸೆಪ್ಟೆಂಬರ್, ಡಿ ಅಂದರೆ ಕೊನೆಯ ಮೂರು ತಿಂಗಳು. ಬಿ-29 ಅಂತಿದ್ದರೆ 2029ರ ಜೂನ್ ಒಳಗೆ ಆ ಸಿಲಿಂಡರ್ ಮತ್ತೆ ಪರೀಕ್ಷೆಗೆ ಹೋಗಬೇಕು ಅಂತ ಅರ್ಥ. ಅವಧಿ ದಾಟಿದ್ದರೆ ವಾಪಸ್ ಕೊಡಿ.

ಇನ್ನು ನಾನು ಬಿಟ್ಟ ಕೆಲಸ. ದಾರ ಎಳೆದು ಮುಚ್ಚಳ ತೆಗೆದು ಬಾಯಿಯೊಳಗೆ ಇಣುಕಿ. ಕಪ್ಪು ವಾಷರ್ ಇದೆಯಾ, ಬಿರುಕು ಬಿಟ್ಟಿದೆಯಾ? ಸ್ವಲ್ಪ ಸೋಪಿನ ನೀರು ಬಿಟ್ಟು ನೋಡಿ, ಗುಳ್ಳೆ ಎದ್ದರೆ ಸೋರುತ್ತಿದೆ. ಇದನ್ನೆಲ್ಲ ತಂದವರ ಎದುರಲ್ಲೇ ಮಾಡಬೇಕು. ಹಬ್ಬದ ಹಿಂದಿನ ದಿನ ಎಣ್ಣೆ ಕಾಯುತ್ತಿರುವಾಗ ಅಲ್ಲ. ಮುಚ್ಚಳವನ್ನು ದಾರದ ಸಮೇತ ಸಿಲಿಂಡರ್‌ಗೇ ಕಟ್ಟಿರಲಿ, ಯಾಕೆ ಅಂತ ಆಮೇಲೆ ಹೇಳ್ತೀನಿ.

ಬದಲಾಯಿಸುವಾಗ ದೀಪ, ಊದಿನಕಡ್ಡಿ ಎಲ್ಲ ಆರಿಸಿ. ಒಲೆಯ ತಿರುಗಣೆ ಬಂದ್ ಮಾಡಿ, ರೆಗ್ಯುಲೇಟರ್ ಆಫ್ ಮಾಡಿ, ಆಮೇಲೆ ತೆಗೆಯಿರಿ. ಹೊಸದಕ್ಕೆ ಹಾಕುವಾಗ ರೆಗ್ಯುಲೇಟರ್‌ನ ಕಪ್ಪು ಬಳೆಯನ್ನು ಮೇಲಕ್ಕೆ ಎತ್ತಿ ಹಿಡಿದು, ನೆಟ್ಟಗೆ ಒತ್ತಿ ಕೂರಿಸಿ, ಬಳೆ ಬಿಡಿ. ಟಕ್ ಅಂತ ಸದ್ದು ಬರಬೇಕು. ಬರಲಿಲ್ಲವಾ, ತೆಗೆದು ಮತ್ತೆ ಹಾಕಿ. ಆನ್ ಮಾಡಿದ ಮೇಲೆ ಕೂರಿಸಿದ ಜಾಗಕ್ಕೂ ಪೈಪಿನ ಎರಡು ತುದಿಗೂ ಸೋಪಿನ ನೀರು ಹಚ್ಚಿ. ಬೆಂಕಿಕಡ್ಡಿ ಗೀರಿ ಪರೀಕ್ಷೆ ಮಾಡುವ ಧೈರ್ಯವಂತರನ್ನು ನಾನು ಕಣ್ಣಾರೆ ನೋಡಿದ್ದೀನಿ. ದಯವಿಟ್ಟು ಬೇಡ.

ಪೈಪಿನ ಕತೆ ಕೇಳಿ. ಮಂಡ್ಯದ ಹತ್ತಿರ ಹಳ್ಳಿಯಲ್ಲಿ ನಮ್ಮ ಚಿಕ್ಕಮ್ಮನ ಮನೆ. ಅಡುಗೆಮನೆಗೆ ಅಂಟಿಕೊಂಡೇ ಭತ್ತದ ಮೂಟೆ, ಬೆಲ್ಲದ ಅಚ್ಚು ಇಡುವ ಕೋಣೆ. ಇಲಿ ಇಲ್ಲದೆ ಇರುತ್ತಾ? ಚಿಕ್ಕಮ್ಮ ಪೈಪ್ ಗಲೀಜಾಗಬಾರದು ಅಂತ ಹಳೇ ಸೀರೆಯ ಚೂರು ಸುತ್ತಿದ್ದರು. ಹೋದ ಸಂಕ್ರಾಂತಿಗೆ ಬಟ್ಟೆ ಬಿಚ್ಚಿ ನೋಡಿದರೆ, ಒಂದು ಗೇಣಿನಲ್ಲಿ ನಾಲ್ಕು ಕಡೆ ಹಲ್ಲಿನ ಗುರುತು, ಒಂದು ಕಡೆ ಒಳಗಿನ ತಂತಿ ಮಿಣ್ಣಗೆ ಹೊಳೆಯುತ್ತಿತ್ತು. ತಂತಿ ಇದ್ದಿದ್ದಕ್ಕೆ ಉಳಿದುಕೊಂಡಿತು, ಬರೀ ರಬ್ಬರ್ ಆಗಿದ್ದರೆ ಕತೆ ಮುಗಿದಿತ್ತು. ಅದಕ್ಕೇ ಒಳಗೆ ತಂತಿ ಇರುವ, ಐಎಸ್‌ಐ ಗುರುತಿನ ಸುರಕ್ಷಾ ಪೈಪನ್ನೇ ತಗೊಳ್ಳಿ, ಒಂದೂವರೆ ಮೀಟರಿಗಿಂತ ಉದ್ದ ಬೇಡ, ಮಧ್ಯೆ ಜೋಡಣೆ ಬೇಡ. ಬಟ್ಟೆ, ಪ್ಲಾಸ್ಟಿಕ್ ಏನೂ ಸುತ್ತಬೇಡಿ. ಗಲೀಜಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು, ಒರೆಸುವಾಗ ಕೈಗೇ ಬಿರುಕು ಗೊತ್ತಾಗುತ್ತದೆ. ಐದು ವರ್ಷಕ್ಕೆ ಬದಲಾಯಿಸಿ, ಇಲಿ ಮುಟ್ಟಿದ್ದರೆ ಅವತ್ತೇ.

ಸಣ್ಣಪುಟ್ಟದ್ದು ಒಂದೆರಡು. ಗ್ಯಾಸ್ ಮುಗಿಯುತ್ತಾ ಬಂತು ಅಂತ ಸಿಲಿಂಡರ್ ಮಲಗಿಸೋದು, ಅಲ್ಲಾಡಿಸೋದು ಬೇಡ, ಒಳಗೆ ದ್ರವವಾಗಿರುವ ಗ್ಯಾಸ್ ಹಾಗೇ ರೆಗ್ಯುಲೇಟರ್‌ಗೆ ನುಗ್ಗುತ್ತದೆ. ಎಷ್ಟು ಉಳಿದಿದೆ ಅಂತ ನೋಡಬೇಕಾದರೆ ಒದ್ದೆ ಬಟ್ಟೆಯಲ್ಲಿ ಸಿಲಿಂಡರ್ ಒರೆಸಿ ಸ್ವಲ್ಪ ಹೊತ್ತು ಕಾಯಿರಿ: ಗ್ಯಾಸ್ ಇರುವಷ್ಟು ಎತ್ತರ ತಡವಾಗಿ ಒಣಗುತ್ತದೆ. ಮೈಸೂರಿನಲ್ಲಿ ರೂಮು ಮಾಡಿಕೊಂಡು ಓದುವ ಹುಡುಗರು ದೊಡ್ಡ ಸಿಲಿಂಡರ್‌ನಿಂದ ಪುಟಾಣಿಗೆ ಗ್ಯಾಸ್ ತುಂಬಿಸಿಕೊಳ್ಳುತ್ತಾರಲ್ಲ, ಅದರಷ್ಟು ಅಪಾಯ ಇನ್ನೊಂದಿಲ್ಲ. 5 ಕೆಜಿಯ ಸಿಲಿಂಡರ್ ಏಜೆನ್ಸಿಯಲ್ಲೇ ಸಿಗುತ್ತದೆ. ರಾತ್ರಿ ಮಲಗುವ ಮುಂಚೆ ರೆಗ್ಯುಲೇಟರ್ ಆಫ್.

ಅಷ್ಟಾದರೂ ವಾಸನೆ ಬಂದರೆ? ಲೈಟ್ ಹಾಕಬೇಡಿ. ಹಾಕಿದ್ದರೆ ಆರಿಸಲೂ ಬೇಡಿ, ಸ್ವಿಚ್ಚಿನ ಸಣ್ಣ ಕಿಡಿ ಸಾಕು. ಎಕ್ಸಾಸ್ಟ್ ಫ್ಯಾನ್ ಹಾಕಬೇಕು ಅಂತ ಕೈ ತಾನಾಗೇ ಹೋಗುತ್ತೆ, ತಡೆಯಿರಿ. ರೆಗ್ಯುಲೇಟರ್ ಆಫ್ ಮಾಡಿ, ಬಾಗಿಲು ಕಿಟಕಿ ತೆಗೆಯಿರಿ. ಕಿಟಕಿಗಿಂತ ಬಾಗಿಲು ಮುಖ್ಯ, ಗ್ಯಾಸ್ ಹೊಸ್ತಿಲ ಮಟ್ಟದಲ್ಲಿ ಇರುತ್ತದಲ್ಲ. ರೆಗ್ಯುಲೇಟರ್ ತೆಗೆದ ಮೇಲೂ ಸಿಲಿಂಡರ್ ಸುಯ್ ಅನ್ನುತ್ತಿದ್ದರೆ, ಆಗಲೇ ಕಟ್ಟಿಡಿ ಅಂದೆನಲ್ಲ, ಆ ಮುಚ್ಚಳ ಒತ್ತಿ ಹಾಕಿ. ಬೆಂಕಿ ಹತ್ತಿದ್ದರೆ ಸಾಹಸ ಬೇಡ, ಎಲ್ಲರೂ ಹೊರಗೆ ಬಂದು 101ಕ್ಕೆ ಫೋನ್ ಮಾಡಿ. ಪಕ್ಕದ ಮನೆಯವರನ್ನು ಕೂಗಿ ಕರೆಯಿರಿ, ಕಾಲಿಂಗ್ ಬೆಲ್ ಒತ್ತಬೇಡಿ.

ಬೀದಿಗೆ ಬಂದ ಮೇಲೆ ಮೊಬೈಲ್ ತೆಗೆದು ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಹೇಳಿ, ಹಗಲು ರಾತ್ರಿ ಯಾವಾಗಲೂ ಇರುತ್ತದೆ. ನಮ್ಮ ಅಡುಗೆಮನೆಯಲ್ಲಿ ಹಾಲಿನ ಲೆಕ್ಕದ ಕ್ಯಾಲೆಂಡರ್ ಪಕ್ಕ ಈ ನಂಬರನ್ನು ದಪ್ಪಗೆ ಬರೆದಿಟ್ಟಿದ್ದೀನಿ. ಮೊದಲ ದಿನ ಅತ್ತೆ ಕನ್ನಡಕ ಹಾಕಿಕೊಂಡು ಓದಿ, "1906ರಲ್ಲಿ ಏನಾಗಿತ್ತಮ್ಮ?" ಅಂತ ಕೇಳಿದರು.