ಏಪ್ರಿಲ್ ಬಿಸಿಲಲ್ಲಿ ಬಾಣಂತನ: ನನಗಿಂತ ಮೊದಲು ಹೆತ್ತ ಹೆಂಗಸರನ್ನು ಕೇಳಿ ನಾನು ಮಾಡಿಕೊಂಡಿದ್ದು

ನನ್ನ ಹೆರಿಗೆ ಏಪ್ರಿಲ್‌ನಲ್ಲಿ. ತವರುಮನೆ ಸಿಂಧನೂರು ಹತ್ತಿರದ ಹಳ್ಳಿ. ರಾಯಚೂರು ಜಿಲ್ಲೆಯ ಏಪ್ರಿಲ್ ಅಂದರೆ ಗೊತ್ತಲ್ವಾ, 40 ಡಿಗ್ರಿ ದಾಟಿತು ಅಂದರೆ ಯಾರೂ ತಿರುಗಿ ನೋಡುವುದಿಲ್ಲ. ಕುಬಸ ಮುಗಿಸಿ ತವರಿಗೆ ಬಂದ ಮೇಲೆ, ಮನೆಗೆ ಬಂದ ಹೆಂಗಸರನ್ನೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದೆ: "ಚೊಚ್ಚಲ ಕೂಸಿನಾಗ ಯಾವುದು ಹಿಂಗ ಮಾಡಬಾರದಿತ್ತು ಅನಿಸ್ತೈತಿ ನಿಮಗ?"

ತೊಟ್ಟಿಲು, ಬಟ್ಟೆ, ಸೋಪಿನ ಮಾತು ಒಬ್ಬರೂ ಎತ್ತಲಿಲ್ಲ. ಒಬ್ಬಾಕೆ ಹಾಲು ಸಾಲದು ಅಂತ ಹೆದರಿ ಡಬ್ಬಿ ಹಾಲು ತಂದಿದ್ದಳು. ಇನ್ನೊಬ್ಬಾಕೆ ಬಂದವರ ಕೈಗೆಲ್ಲ ಕೂಸು ಕೊಟ್ಟಿದ್ದಳು. ನಮ್ಮ ವೈನಿ ಕೂಸು ಹಳದಿಯಾದರೂ ಕಾಯುತ್ತಾ ಕೂತಿದ್ದರು. ಎಲ್ಲರ ಮಾತೂ ಕೊನೆಗೆ ಒಂದೇ ಕಡೆ ಬರುತ್ತಿತ್ತು: ಗೊತ್ತಿತ್ತು, ಆದರೆ ಹಿರಿಯರ ಎದುರು ಬಾಯಿ ಬರಲಿಲ್ಲ. ಹೆತ್ತ ಮೂರನೇ ದಿನ, ಹೊಲಿಗೆ ಎಳೆಯುತ್ತಿರುವಾಗ, ನಿದ್ದೆಯಿಲ್ಲದ ಕಣ್ಣಲ್ಲಿ ವಾದ ಮಾಡಲು ತ್ರಾಣ ಎಲ್ಲಿರುತ್ತೆ?

ಹಾಗಾಗಿ ನಾನು ಜಗಳವನ್ನೆಲ್ಲ ಹೆರಿಗೆಗೆ ಮೊದಲೇ ಮುಗಿಸಿಕೊಂಡೆ. ತಪಾಸಣೆಗೆ ಹೋದಾಗ ಅವ್ವನನ್ನು ಹೊರಗೆ ಬೆಂಚಿನ ಮೇಲೆ ಕೂರಿಸದೆ ಒಳಗೇ ಕರೆದುಕೊಂಡು ಹೋಗುತ್ತಿದ್ದೆ. ನನ್ನ ಅನುಮಾನಗಳನ್ನು ಅವಳ ಮುಂದೆಯೇ ಡಾಕ್ಟರಮ್ಮನಿಗೆ ಕೇಳುತ್ತಿದ್ದೆ. ಮಗಳು ಹೇಳಿದರೆ ಓದಿದ ಅಹಂಕಾರ, ಡಾಕ್ಟರಮ್ಮ ಹೇಳಿದರೆ ಸರಿ. ನಮ್ಮ ಕಡೆ ಹಾಗೇ. ಅತ್ತೆಗೆ ಫೋನಿನಲ್ಲಿ ಹೇಳುವ ಕೆಲಸವನ್ನು ಯಜಮಾನರಿಗೆ ಬಿಟ್ಟೆ.

ದೊಡ್ಡ ಜಟಾಪಟಿ ನಡೆದದ್ದು ಹೊರಸಿನ ವಿಷಯಕ್ಕೆ. ನುಲಿ ಹೊರಸಿನ ಕೆಳಗೆ ಕೆಂಡ ಇಟ್ಟು, ಕಿಟಕಿ ಮುಚ್ಚಿ, ಲೋಬಾನದ ಹೊಗೆ ಹಾಕಿ, ತಾಯಿ ಕೂಸು ಇಬ್ಬರನ್ನೂ ಬೆಚ್ಚಗಿಡುವುದು ಅವ್ವನ ಕಾಲದ ಪದ್ಧತಿ. ಚಳಿಗಾಲದಲ್ಲಿ ಬೆಚ್ಚಗಿರಬೇಕು ಅನ್ನುವುದು ಸರಿಯೇ. ಆದರೂ ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಹೊರಡುವ ವಿಷಗಾಳಿಗೆ ವಾಸನೆಯೇ ಇಲ್ಲ, ಅದು ಯಾವ ಕಾಲದಲ್ಲೂ ಬೇಡ. ಏಪ್ರಿಲ್‌ನಲ್ಲಂತೂ ಕೂಸಿಗೆ ಸೆಕೆಯೇ ಜ್ವರ ತರಿಸುತ್ತೆ. ಹೆಚ್ಚು ಬಟ್ಟೆ ಸುತ್ತಿದರೆ ಎಳೆಗೂಸಿಗೆ ಮೈ ತಣ್ಣಗೆ ಮಾಡಿಕೊಳ್ಳಲು ಬರುವುದಿಲ್ಲ.

ಕೊನೆಗೆ ರಾಜಿಯಾಯಿತು. ಕೆಂಡ, ಹೊಗೆ ಎರಡೂ ಇಲ್ಲ. ಕಿಟಕಿ ತೆರೆದೇ ಇರಬೇಕು. ಕೂಲರ್ ಇರಲಿ, ಗಾಳಿ ಮಾತ್ರ ನೇರ ಕೂಸಿನ ಮೇಲೆ ಬೀಳಬಾರದು. ಕುಲಾವಿ ಎರೆದ ಮೇಲೆ ಸ್ವಲ್ಪ ಹೊತ್ತು, ಆಮೇಲೆ ತೆಳು ಹತ್ತಿ ಅಂಗಿ ಒಂದೇ. ಕೈಕಾಲು ಮುಟ್ಟಿ "ತಣ್ಣಗದಾವು" ಅನ್ನುವಂತಿಲ್ಲ, ಎದೆ ಅಥವಾ ಬೆನ್ನು ಮುಟ್ಟಿ ನೋಡಬೇಕು. ಮೈ ಸುಡುತ್ತಿದೆ ಅನಿಸಿದರೆ ಥರ್ಮಾಮೀಟರನ್ನು ಕಂಕುಳಲ್ಲಿ ಇಡುತ್ತಿದ್ದೆವು. 99.5 ಡಿಗ್ರಿ ಇದ್ದರೆ ಬಟ್ಟೆ ಕಡಿಮೆ ಮಾಡಿ, ಹಾಲು ಕೊಟ್ಟು, ಮತ್ತೆ ನೋಡುವುದು. ಇಳಿಯದಿದ್ದರೆ, ಇಲ್ಲವೇ ಕೂಸು ಹಾಲೇ ಹಿಡಿಯದಿದ್ದರೆ, ಮನೆಮದ್ದು ಅಂತ ಕೂರದೆ ಆಸ್ಪತ್ರೆಗೆ ಹೋಗುವುದು. ಇದು ಡಾಕ್ಟರಮ್ಮನೇ ಹೇಳಿಕೊಟ್ಟದ್ದು.

ಅವ್ವನ ಮಾತೂ ನಡೆಯಿತು. ಅಂಟಿನ ಉಂಡೆ, ಅಳವಿ ಪಾಯಸ, ಸಬ್ಬಸಿಗೆ ಪಲ್ಯ, ಬಿಸಿ ಜೋಳದ ರೊಟ್ಟಿ, ಎಣ್ಣೆ ಹಚ್ಚಿ ಎರೆಯುವುದು, ಒಲೆ ಕಡೆ ಹೋಗದೆ ಮಲಗಿರುವುದು. ಇದರಲ್ಲಿ ಒಂದನ್ನೂ ನಾನು ಬಿಟ್ಟುಕೊಡುತ್ತಿರಲಿಲ್ಲ!

ಇನ್ನು ಹಾಲಿನ ವಿಷಯ. ಹುಟ್ಟಿದ ಒಂದು ಗಂಟೆಯೊಳಗೆ ಮೊಲೆಗೆ ಹಚ್ಚಿಸಬೇಕು ಅಂತ ಸಿಸ್ಟರ್‌ಗೆ ಮೊದಲೇ ಹೇಳಿಟ್ಟಿದ್ದೆ. ಮೊದಲ ಹಾಲು ಹಳದಿ, ಗಟ್ಟಿ, ಸ್ವಲ್ಪವೇ ಬರುತ್ತೆ. ಅದನ್ನು ಕೆಟ್ಟ ಹಾಲು ಅಂತ ಹಿಂಡಿ ಚೆಲ್ಲಿಸುವವರು ಇನ್ನೂ ಇದ್ದಾರೆ. ಕೂಸಿನ ಹೊಟ್ಟೆಯೂ ಆಗ ಪುಟ್ಟದೇ, ಅಷ್ಟೇ ಸಾಕು. ಹಾಲು ತುಂಬಿ ಬರಲು ಎರಡು ಮೂರು ದಿನ ಹಿಡಿಯುತ್ತೆ. ಈ ನಡುವೆ ಕೂಸಿನ ತೂಕ ತುಸು ಇಳಿಯುತ್ತೆ, ಎರಡು ವಾರದೊಳಗೆ ವಾಪಸ್ ಬರುತ್ತೆ. ನಾನು ಕೇಳಿದವರಲ್ಲಿ ಜಾಸ್ತಿ ಜನ ಹೆದರಿ ಡಬ್ಬಿ ತರಿಸಿದ್ದು ಇದೇ ದಿನಗಳಲ್ಲಿ. ಡಬ್ಬಿ ಹಾಲು ಕುಡಿದ ಕೂಸು ಎದೆ ಚೀಪುವುದು ಕಡಿಮೆ. ಚೀಪುವುದು ಕಡಿಮೆಯಾದರೆ ಹಾಲು ಊರುವುದೂ ಕಡಿಮೆ. ಆಮೇಲೆ "ನೋಡು, ಇವಳಿಗೆ ಹಾಲೇ ಇಲ್ಲ" ಅನ್ನುತ್ತಾರೆ.

ಹಾಲು ಸಾಕೋ ಇಲ್ಲವೋ ಅನ್ನುವುದನ್ನು ನಾನು ಅಳುವಿನಿಂದ ಅಳೆಯಲಿಲ್ಲ, ಒದ್ದೆ ಬಟ್ಟೆ ಎಣಿಸಿದೆ. ಐದನೇ ದಿನದ ಹೊತ್ತಿಗೆ ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದರೆ ಹಾಲು ಸಾಕಾಗುತ್ತಿದೆ. ಹಗಲು ರಾತ್ರಿ ಸೇರಿ ಎಂಟರಿಂದ ಹನ್ನೆರಡು ಸಲ ಕುಡಿಸುವುದು ಎಳೆಗೂಸಿಗೆ ಮಾಮೂಲು. ತೊಟ್ಟು ಮಾತ್ರ ಅಲ್ಲ, ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು. ಇಲ್ಲದಿದ್ದರೆ ತೊಟ್ಟು ಒಡೆದು ಜೀವ ಹೋಗುತ್ತೆ. ಇದನ್ನು ಆಸ್ಪತ್ರೆಯಲ್ಲಿದ್ದಾಗಲೇ ಸಿಸ್ಟರ್ ಕೈಯಲ್ಲಿ ತೋರಿಸಿಕೊಂಡೇ ಮನೆಗೆ ಬನ್ನಿ. ಮನೆಗೆ ಬಂದ ಮೇಲೆ ತೋರಿಸುವವರು ಸಿಗುವುದು ಕಷ್ಟ.

ನಮ್ಮ ದೊಡ್ಡವ್ವನ ಹಟ ಬೇರೆ: "ಬಿಸಿಲಿಗೆ ನಮಗೇ ಬಾಯಿ ಒಣಗ್ತೈತಿ, ಕೂಸಿಗೆ ಎರಡು ಚಮಚ ನೀರು ಹಾಕ್ರೆವ್ವ." ತಾಯಿ ಹಾಲಿನಲ್ಲಿ ನೂರಕ್ಕೆ 88 ಪಾಲು ನೀರೇ ಇರುತ್ತೆ. ಎಂಥ ಬೇಸಿಗೆಯಲ್ಲೂ ಆರು ತಿಂಗಳ ತನಕ ಬೇರೆ ನೀರು ಬೇಕಿಲ್ಲ. ನೀರು ಬೇಕಾಗಿದ್ದು ನನಗೆ. ತಮಾಷೆ ನೋಡಿ, ಕೂಸಿಗೆ ನೀರು ಹಾಕಿ ಅನ್ನುವವರೇ ಬಾಣಂತಿಗೆ "ಜಾಸ್ತಿ ಕುಡೀಬ್ಯಾಡ, ಹೊಟ್ಟಿ ಬರ್ತೈತಿ" ಅನ್ನುತ್ತಾರೆ. ನಾನು ತುಂಬಿದ ತಂಬಿಗೆಯನ್ನು ತಲೆದೆಸೆಗೇ ಇಟ್ಟುಕೊಂಡಿದ್ದೆ.

ಜೇನುತುಪ್ಪ, ತೇಯ್ದು ನೆಕ್ಕಿಸುವ ಗುಟ್ಟಿ, ಕಣ್ಣಿಗೆ ಕಾಡಿಗೆ, ಮೂಗು ಕಿವಿಗೆ ಎಣ್ಣೆ, ಕೂಸಿನ ಎದೆ ಹಿಂಡುವುದು, ಎಲ್ಲಕ್ಕೂ ಬೇಡ ಅಂದೆ. ಹೊಕ್ಕಳಿಗೆ ಏನೂ ಹಚ್ಚಲಿಲ್ಲ, ಒಣಗಿ ತಾನೇ ಬಿತ್ತು. ದೃಷ್ಟಿ ಬೊಟ್ಟು ಮಾತ್ರ ಅಂಗಾಲಿಗೆ ಇಡಲು ಒಪ್ಪಿದೆ. ಅವ್ವನಿಗೂ ಸಮಾಧಾನ ಬೇಕಲ್ವಾ.

ನಮ್ಮ ಕೂಸೂ ಹಳದಿಯಾಯಿತು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಬಂದು ನೋಡಬೇಕು. ಮೂರನೇ ದಿನ ಬಂದ ಆಶಾ ಅಕ್ಕ ಬಾಗಿಲ ಬೆಳಕಿಗೆ ಕೂಸನ್ನು ತಂದು, ಹಣೆ, ಎದೆ, ಕಾಲಿನ ಮೇಲೆ ಬೆರಳು ಒತ್ತಿ ನೋಡಿದಳು. ಹಳದಿ ಮುಖದಿಂದ ಕೆಳಗೆ ಇಳಿಯುತ್ತಾ ಹೋಗುತ್ತೆ. ಅಂಗೈ ಅಂಗಾಲಿಗೆ ಬಂದರೆ, ಅಥವಾ ಹುಟ್ಟಿದ ಮೊದಲ 24 ಗಂಟೆಯಲ್ಲೇ ಕಂಡರೆ, ಒಂದು ಗಳಿಗೆಯೂ ಕಾಯಬಾರದು. ಎಳೆಬಿಸಿಲಿಗೆ ಹಿಡಿದರೆ ಹೋಗುತ್ತೆ ಅಂತ ಓಣಿಯೆಲ್ಲ ಹೇಳಿತು. ವೈನಿ ಒಬ್ಬರೇ "ಈಗಲೇ ನಡಿ" ಅಂದರು. ರಕ್ತ ಪರೀಕ್ಷೆ ಮಾಡಿ ನೀಲಿ ಬೆಳಕಿನ ಕೆಳಗೆ ಮಲಗಿಸಿದರು, ನಡುನಡುವೆ ಹಾಲು ಕುಡಿಸುತ್ತಿದ್ದೆ. ಕೂಸು ಹುಷಾರಾಗಿ ಮನೆಗೆ ಬಂತು.

ನೋಡಲು ಬರುವವರನ್ನು ತಡೆಯುವುದು ಹಳ್ಳಿಯಲ್ಲಿ ಆಗದ ಮಾತು. ಬಾಗಿಲಲ್ಲೇ ಸೋಪು, ನೀರು ಇಟ್ಟೆವು. ಕೆಮ್ಮು ನೆಗಡಿ ಇದ್ದವರನ್ನು ಅಪ್ಪ ಪಡಸಾಲೆಯಲ್ಲೇ ಕೂರಿಸಿ ಚಹಾ ಕುಡಿಸಿ ಕಳಿಸುತ್ತಿದ್ದರು. ಆ ಕೆಲಸ ಅವರಿಗೆ ಹೇಳಿ ಮಾಡಿಸಿದಂತಿತ್ತು.

ಯಾರೂ ಜೋರಾಗಿ ಹೇಳದ ಇನ್ನೊಂದು ಉತ್ತರವಿತ್ತು. ಗೆಳತಿಯೊಬ್ಬಳು ಎಲ್ಲರೂ ಎದ್ದು ಹೋದ ಮೇಲೆ ಹೇಳಿದಳು, "ನಾ ದಿನಾ ಅಳ್ತಿದ್ದೆ, ಯಾರಿಗೂ ಹೇಳಲಿಲ್ಲ." ಹೆತ್ತ ಮೊದಲ ವಾರಗಳಲ್ಲಿ ಸುಮ್ನೆ ಅಳು ಬರುವುದು ಬಹಳ ಜನರಿಗೆ ಆಗುತ್ತೆ, ತಾನೇ ಹೋಗುತ್ತೆ. ಎರಡು ವಾರ ದಾಟಿದರೂ ಹೋಗದಿದ್ದರೆ, ಕೂಸಿನ ಮೇಲೆ ಮನಸ್ಸೇ ಬಾರದಿದ್ದರೆ, ಡಾಕ್ಟರಿಗೆ ಹೇಳಲೇಬೇಕು. ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ ಇದೆ, ಟೆಲಿ ಮಾನಸ್, ನಂಬರ್ 14416. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ಯಜಮಾನರ ಫೋನಿನಲ್ಲಿ ಅದನ್ನು ಮೊದಲೇ ಹಾಕಿಸಿದ್ದೆ. ನನಗೆ ಬೇಕಾಗಲಿಲ್ಲ. ಆ ಮಳೆಗಾಲದಲ್ಲಿ ಹೆತ್ತ ಪಕ್ಕದ ಓಣಿಯ ಹುಡುಗಿಗೆ ಬೇಕಾಯಿತು, ನಾನೇ ಹಚ್ಚಿಕೊಟ್ಟೆ.