ಕುಮಟಾ–ಶಿರಸಿ ಕ್ವಾಂಟಮ್ ಕೀ ಲಿಂಕ್: ನಾವು ಲೆಕ್ಕ ಹಾಕಿದ ಬಗೆ

ಕ್ವಾಂಟಮ್ ಕೀ, ಅಂದರೆ ಗುಪ್ತ ಸಂದೇಶದ ಕೀಲಿಯನ್ನು ಬೆಳಕಿನ ಕಣಗಳಲ್ಲಿ (ಫೋಟಾನ್) ಹಂಚುವ ಲಿಂಕ್‌ನಲ್ಲಿ ನಡುದಾರಿಗೆ ಆಂಪ್ಲಿಫೈಯರ್ ಇಡುವಂತಿಲ್ಲ, ಇಟ್ಟರೆ ಫೋಟಾನಿನ ಸ್ಥಿತಿಯೇ ಕೆಡುತ್ತದೆ. ಹಾಗಾಗಿ ಉಪಕರಣ ಆರಿಸುವ ಮೊದಲೇ ನಷ್ಟದ ಲೆಕ್ಕಕ್ಕೆ ಕೂತೆವು. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ರಸ್ತೆ ಸುಮಾರು 60 ಕಿ.ಮೀ. ಅಲ್ಲಲ್ಲಿ ಸುತ್ತಿಟ್ಟ ಲೂಪ್ ಸೇರಿಸಿ ಫೈಬರ್ 66 ಎಂದು ಹಿಡಿದೆವು. 1550 ನ್ಯಾನೋಮೀಟರ್‌ನಲ್ಲಿ ಕಿ.ಮೀ.ಗೆ 0.2 ಡಿಬಿಯಂತೆ (ಡೆಸಿಬೆಲ್, ಬೆಳಕಿನ ನಷ್ಟದ ಅಳತೆ) 13.2, 2 ಕಿ.ಮೀ.ಗೊಂದು ಜಾಯಿಂಟ್, ತಲಾ 0.05ರಂತೆ 1.6, ನಾಲ್ಕು ಕನೆಕ್ಟರ್‌ಗೆ 1.2. ಒಟ್ಟು 16 ಡಿಬಿ. ಮಳೆಗಾಲದಲ್ಲಿ ಘಟ್ಟದ ಗುಡ್ಡ ಜಾರಿ ಕೇಬಲ್ ತುಂಡಾದಾಗಲೆಲ್ಲ ಹೊಸ ಜಾಯಿಂಟ್ ಬೀಳುತ್ತದೆ. ಅದಕ್ಕೆಂದು 3 ಡಿಬಿ ಕಾದಿರಿಸಿದೆವು. 19 ಡಿಬಿ ತಾಳದ ಉಪಕರಣ ಈ ದಾರಿಗೆ ಬೇಡ.

ನಿಜವಾದ ತಲೆನೋವು ರಾಮನ್ ಚದುರಿಕೆ. ಅದೇ ಎಳೆಯಲ್ಲಿ ಡೇಟಾ ಹೋದರೆ ಅದರ ಬೆಳಕಿನ ಒಂದಂಶ ತರಂಗಾಂತರ ಬದಲಿಸಿ ಕ್ವಾಂಟಮ್ ಚಾನೆಲ್‌ಗೆ ನುಗ್ಗುತ್ತದೆ. 1 ಮಿಲಿವ್ಯಾಟ್ ಲೇಸರ್ ಸೆಕೆಂಡಿಗೆ ಸುಮಾರು 80 ಕೋಟಿ ಕೋಟಿ ಫೋಟಾನ್ ಸುರಿಸುತ್ತದೆ, ನಮ್ಮ ಪಲ್ಸ್‌ನಲ್ಲಿ ಸರಾಸರಿ ಒಂದಕ್ಕಿಂತ ಕಡಿಮೆ. ಕಿರಿದಾದ ಫಿಲ್ಟರ್ ಹಾಕಿದರೆ ಹೀಗೆ ನುಗ್ಗುವ ಬೆಳಕು (ನಾಯ್ಸ್) ತಗ್ಗುತ್ತದೆ, ಆದರೆ ಕ್ವಾಂಟಮ್ ತರಂಗಾಂತರದಲ್ಲೇ ಹುಟ್ಟಿದ್ದನ್ನು ಯಾವ ಫಿಲ್ಟರೂ ತಡೆಯದು. ಬಿಬಿ84 ಎಂಬ ಕೀ ಹಂಚಿಕೆಯ ಪದ್ಧತಿಯಲ್ಲಿ ದೋಷ 11% ಮುಟ್ಟಿದರೆ ಕೀ ಸಿಗುವುದೇ ಇಲ್ಲ. ಆದ್ದರಿಂದ ಡೇಟಾ ಲೇಸರನ್ನು ಅಗತ್ಯಕ್ಕಷ್ಟೇ ಇಳಿಸಿದೆವು: ರಿಸೀವರ್ −24 ಡಿಬಿಎಂವರೆಗೂ (1 ಮಿಲಿವ್ಯಾಟ್‌ಗೆ ಹೋಲಿಸಿದ ಡಿಬಿ) ಓದುತ್ತದೆ, ನಷ್ಟ 19, ಮೇಲೆ 2 ಸೇರಿಸಿದರೆ −3 ಸಾಕು. ಬೆಳಕು ತಗ್ಗಿಸುವ ಅಟೆನ್ಯುಯೇಟರ್ ಕಳುಹಿಸುವ ತುದಿಯಲ್ಲೇ ಇರಬೇಕು. ರೂಢಿಯಂತೆ ರಿಸೀವರ್ ಎದುರು ಸಿಕ್ಕಿಸಿದರೆ ಪ್ರಯೋಜನವಿಲ್ಲ. ಅಷ್ಟರಲ್ಲಿ ನಾಯ್ಸ್ ಫೈಬರ್‌ನೊಳಗೇ ಹುಟ್ಟಿರುತ್ತದೆ. ಕ್ವಾಂಟಮ್ ಚಾನೆಲ್ಲನ್ನು 1310ಕ್ಕೆ ಒಯ್ದರೆ ರಾಮನ್ ಕಾಟ ಬಹಳ ತಗ್ಗುತ್ತದೆ, ಆದರೆ ಕಿ.ಮೀ.ಗೆ 0.35ರಂತೆ ಫೈಬರ್ ಒಂದರಲ್ಲೇ 23 ಡಿಬಿ ಹೋಗುತ್ತದೆ. ಕಾರವಾರ ಪೇಟೆಯೊಳಗಿನ ಗಿಡ್ಡ ಲಿಂಕ್‌ಗಳಿಗೆ ಅದು ಸರಿ. ಪ್ರತ್ಯೇಕ ಡಾರ್ಕ್ ಫೈಬರ್ (ಬೇರೆ ಡೇಟಾ ಹರಿಯದ ಖಾಲಿ ಎಳೆ) ಸಿಕ್ಕರೆ ಈ ಪರದಾಟವೇ ಇಲ್ಲ, ಕೇಳಿಯೇ ಪಡೆಯಿರಿ.

ಕಂಬದ ಮೇಲಿನ ಕೇಬಲ್ ಕರಾವಳಿಯ ಗಾಳಿಗೆ ತೂಗಾಡಿ ಪೋಲರೈಸೇಶನ್ (ಬೆಳಕಿನ ಕಂಪನದ ದಿಕ್ಕು) ಅಲೆದಾಡುತ್ತದೆ, ಅಲ್ಲಿ ಟೈಮ್‌ಬಿನ್ ಕೋಡಿಂಗ್ (ಫೋಟಾನ್ ಬರುವ ಹೊತ್ತಿನಲ್ಲೇ ಮಾಹಿತಿ ಇಡುವ ಕ್ರಮ) ಆರಿಸಿದೆವು.

ನಷ್ಟ ಏರಿದರೆ ಓಟಿಡಿಆರ್‌ನಲ್ಲಿ (ಪಲ್ಸ್ ಕಳುಹಿಸಿ ಮರಳಿದ ಬೆಳಕಿನಿಂದ ನಷ್ಟದ ಜಾಗ ಹುಡುಕುವ ಸಾಧನ) 1310, 1550 ಎರಡನ್ನೂ ಅಳೆಯಬೇಕು. 1550ರಲ್ಲಷ್ಟೇ ಹೆಚ್ಚಿದ್ದರೆ ಫೈಬರ್ ಎಲ್ಲೋ ಮಡಚಿದೆ. ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಆದರೆ ಜಾಯಿಂಟ್ ಬಿಚ್ಚಿ ನೋಡಿ. ಮೊದಲು ಡಿಟೆಕ್ಟರಿನ ಪ್ಯಾಚ್‌ಕಾರ್ಡ್ ಕಳಚಿಡಿ, ಓಟಿಡಿಆರ್ ಪಲ್ಸ್ ಅದನ್ನು ಹಾಳುಮಾಡೀತು.

ಶಿರಸಿಯ ಕೀ ಕಾರವಾರಕ್ಕೂ ಮುಟ್ಟಬೇಕಾದರೆ ಕುಮಟಾದಿಂದ ಇನ್ನೂ ಸುಮಾರು 70 ಕಿ.ಮೀ. ಇರುವುದರಿಂದ ಕುಮಟಾದಲ್ಲೊಂದು ನಂಬಿಕೆಯ ನೋಡ್ (ಕೀ ಪಡೆದು ಮುಂದಕ್ಕೆ ದಾಟಿಸುವ ನಡುಠಾಣೆ) ಬೇಕೇ ಬೇಕು. ಕೀ ಅಲ್ಲಿ ಬಯಲಾಗಿ ನಿಲ್ಲುತ್ತದೆ. ಆದ್ದರಿಂದ ಆ ನೋಡನ್ನು ಉಳಿದ ಟೆಲಿಕಾಂ ರ‍್ಯಾಕ್‌ಗಳ ಜೊತೆ ಇಡದೆ, ಬೇರೆ ಬೀಗದ ಕೋಣೆ ಕೊಟ್ಟೆವು.