ಮಾಡೆಲ್ ಜೊತೆ ನನ್ನ ಫೋಟೊ ಹಾಕ್ಬೇಕಾ ಬೇಡ್ವಾ: ನನ್ನ ಅನುಭವ

ಹೋದ ತಿಂಗಳು ಗೋಣಿಕೊಪ್ಪದಿಂದ ಒಬ್ರು ತಾಯಿ ಫೋನ್ ಮಾಡಿ, "ನಿಮ್ಮ ಪೇಜಲ್ಲಿ ಆ ಜಿಗಣೆ ಫೋಟೊ ನೋಡಿದ್ವಿ, ನಮ್ಮ ಮಗಳಿಗೂ ಮಾಡೆಲಿಂಗಿಗೆ ತೋರಿಸೋ ಫೋಟೊಗಳ ಪೋರ್ಟ್‌ಫೋಲಿಯೊ ಮಾಡ್ಕೊಡಿ, ನಾನೂ ಜೊತೆಗೆ ಬರ್ತೀನಿ" ಅಂದ್ರು. ರೇಟಲ್ಲಿ ಚೌಕಾಸಿ ಕೂಡ ಮಾಡ್ಲಿಲ್ಲ. ಈ ವರ್ಷ ಇಂಥ ಕಾಲ್ ಇಪ್ಪತ್ತೆರಡೋ ಇಪ್ಪತ್ಮೂರೋ ಬಂದಿರ್ಬೇಕು, ಅದರಲ್ಲಿ ಹದಿನಾಲ್ಕು ಕೆಲಸ ಆಗಿದೆ. ಎರಡು ವರ್ಷದ ಹಿಂದೆ ಮಡಿಕೇರಿ ಕಡೆ ನಮ್ಮ ಫೋಟೊಗ್ರಾಫರ್ ಹುಡುಗರ ವಾಟ್ಸಾಪ್ ಗ್ರೂಪಲ್ಲಿ, ಮಾಡೆಲ್ ಜೊತೆ ನಾನಿರೋ ಫೋಟೊನ ಕೆಲಸ ಎಲ್ಲಾ ಮುಗಿದ ಮೇಲೆ ಅವಳನ್ನ ಕೇಳಿಯೇ ಹಾಕೋ ನನ್ನ ಪದ್ಧತಿ ಹೇಳಿದಾಗ "ಅಷ್ಟು ದಿನ ಕಾದ್ರೆ ಫೋಟೊ ತಂಗಳಾಗ್ತದೆ ಮಾರಾಯ, ರೀಚ್ ಎಲ್ಲಿಂದ ಬರ್ಬೇಕು" ಅಂದವರೇ ಈಗ ಒಬ್ಬೊಬ್ಬರಾಗಿ ಮೆಸೇಜ್ ಮಾಡಿ ಹೇಗೆ ಮಾಡಿದ್ದು ಅಂತ ಕೇಳ್ತಾ ಇದ್ದಾರೆ. ಎಲ್ಲರಿಗೂ ಒಂದೇ ಸಲ ಹೇಳಿಬಿಡ್ತೀನಿ. ಲೆನ್ಸ್, ಲೈಟ್ ವಿಷಯ ನಿಮಗೂ ಗೊತ್ತಿರೋದೇ, ಅದನ್ನ ಬಿಡ್ತೀನಿ.

ಮೊದಲು ನಾನು ಮಾಡಿದ ತಪ್ಪು ಹೇಳ್ಬೇಕು. 2019ರಲ್ಲಿ ಮಾಂದಲಪಟ್ಟಿಯಲ್ಲಿ ಒಂದು ಕೊಲ್ಯಾಬ್ ಶೂಟ್, ದುಡ್ಡು ಇಲ್ಲ, ಮಾಡೆಲ್ ಹುಡುಗಿಗೆ ಫೋಟೊ, ನನಗೆ ಪೇಜಿಗೆ ಮೆಟೀರಿಯಲ್. ಬೆಳಿಗ್ಗೆ ಮಂಜು ತುಂಬಾ ಚೆನ್ನಾಗಿ ಸಿಕ್ಕಿತ್ತು, ಎಲ್ರೂ ಖುಷಿಯಲ್ಲಿದ್ವಿ, ಜೀಪ್ ಹತ್ತೋ ಮೊದಲು ಹುಡುಗಿ ಹೆಗಲ ಮೇಲೆ ಕೈ ಹಾಕಿ ಒಂದು ಸೆಲ್ಫಿ ತಗೊಂಡೆ, ಅವಳೂ ನಕ್ಕಳು, ಸಂಜೆ ಟ್ಯಾಗ್ ಮಾಡಿ ಹಾಕಿದೆ. ಫೈನಲ್ ಫೋಟೊಗಳಿಗಿಂತ ಆ ಸೆಲ್ಫಿಗೇ ಲೈಕ್ ಜಾಸ್ತಿ. ಒಂದು ವರ್ಷ ಆದ್ಮೇಲೆ ಅವಳಿಗೆ ಸಂಬಂಧ ನೋಡ್ತಾ ಇದ್ದಾಗ ಗಂಡಿನ ಕಡೆಯವರ ಕೈಗೆ ಅದರ ಸ್ಕ್ರೀನ್‌ಶಾಟ್ ಸಿಕ್ತು. ಕೊಡಗು ಎಷ್ಟು ದೊಡ್ಡದು ಹೇಳಿ, ಸೋಮವಾರಪೇಟೆಯಲ್ಲಿ ಬೆಳಿಗ್ಗೆ ಹಾಕಿದ ಫೋಟೊ ಮಧ್ಯಾಹ್ನ ಊಟದ ಹೊತ್ತಿಗೆ ವಿರಾಜಪೇಟೆ ಅಜ್ಜಿ ಮೊಬೈಲಲ್ಲಿ ಇರ್ತದೆ. ಅವಳ ಅಣ್ಣ ಫೋನ್ ಮಾಡಿದ, ನಾನು ಅವಾಗ್ಲೇ ಡಿಲೀಟ್ ಮಾಡ್ದೆ, ಮನೆಗೇ ಹೋಗಿ ಅವಳ ಅಪ್ಪ ಅಮ್ಮನ ಹತ್ರ ಕ್ಷಮೆ ಕೇಳ್ದೆ. ಅವರು ಕಾಫಿ ಕೊಟ್ರು, ಬೈಲಿಲ್ಲ. ಆದರೆ ಆ ಸಂಬಂಧ ಮುರೀತು. ಅವಳ ಚಿಕ್ಕಪ್ಪನ ಮಗಳ ಮದುವೆ ನನಗೆ ಬುಕ್ ಆಗಿತ್ತು, ಅರವತ್ತೈದು ಸಾವಿರದ ಕೆಲಸ, ಅದೂ ಹೋಯ್ತು, ಹದಿನೈದು ಸಾವಿರ ಅಡ್ವಾನ್ಸ್ ವಾಪಸ್ ಕೊಟ್ಟೆ. ದುಡ್ಡು ಮತ್ತೆ ದುಡಿದೆ. ಆ ಹುಡುಗಿ ಮುಖ ಇವತ್ತೂ ಕಣ್ಣ ಮುಂದೆ ಬರ್ತದೆ.

ಅದಾದ್ಮೇಲೆ ಹೆದರಿ ಮತ್ತೊಂದು ತಪ್ಪು ಮಾಡ್ದೆ. ಪೇಜಲ್ಲಿ ನಾನಿದ್ದ ಫೋಟೊ ಎಲ್ಲಾ ತೆಗೆದುಬಿಟ್ಟೆ, ನೂರಕ್ಕೂ ಮೇಲೆ ಇತ್ತು. ಪ್ರೊಫೈಲಿಗೆ ಒಂದು ಲೋಗೊ ಹಾಕ್ಕೊಂಡೆ. ಇದೇ ಪ್ರೊಫೆಶನಲ್, ಫೋಟೊಗ್ರಾಫರ್ ಕ್ಯಾಮೆರಾ ಹಿಂದೆ ಇರ್ಬೇಕು, ಕೆಲಸ ಮಾತಾಡ್ಬೇಕು ಅಂತ ಅಂದ್ಕೊಂಡೆ. ಗ್ರೂಪಲ್ಲಿ ಅರ್ಧ ಜನ ಇವತ್ತಿಗೂ ಇದೇ ವಾದ ಮಾಡ್ತಾರೆ. ಏನಾಯ್ತು ಅಂದ್ರೆ ಪೋರ್ಟ್‌ಫೋಲಿಯೊ ಕೆಲಸ ತಿಂಗಳಿಗೆ ಒಂದು ಬರ್ತಾ ಇದ್ದದ್ದು ಮೂರು ತಿಂಗಳಿಗೆ ಒಂದಕ್ಕೆ ಇಳೀತು. ಒಬ್ರು ಅಪ್ಪ ನೇರವಾಗಿ ಕೇಳಿದ್ರು, "ಫೋಟೊ ಚೆನ್ನಾಗಿದೆ ಸರ್, ಆದ್ರೆ ತೆಗೆಯೋರು ಯಾರು, ಎಂಥ ಜನ ಅಂತ ನಮಗೆ ಹೇಗೆ ಗೊತ್ತಾಗ್ಬೇಕು?"

ಅಷ್ಟೇ ಆಗಿದ್ರೆ ಸಹಿಸ್ಕೊಳ್ತಿದ್ದೆ. 2021ರಲ್ಲಿ ಯಾರೋ ನನ್ನ ಫೋಟೊಗಳನ್ನೇ ಎತ್ಕೊಂಡು ಒಂದಕ್ಷರ ಬದಲಾಯಿಸಿ ನನ್ನ ಹೆಸರಲ್ಲೇ ಪೇಜ್ ಮಾಡಿ, ಕುಶಾಲನಗರ ಕಡೆ ಇಬ್ಬರು ಹುಡುಗಿಯರಿಗೆ "ಆಡಿಷನ್‌ಗೆ ಫೋಟೊ ಕಳಿಸಿ" ಅಂತ ಮೆಸೇಜ್ ಮಾಡಿದ್ದ. ಅದರಲ್ಲಿ ಒಬ್ಬಳ ಅಣ್ಣ ಅಂಗಡಿಗೆ ಬಂದು ಜಗಳಕ್ಕೇ ನಿಂತ. ಅವನ ತಪ್ಪೇನಿಲ್ಲ, ನನ್ನ ಪೇಜಲ್ಲೂ ಮುಖ ಇಲ್ಲ ಆ ಪೇಜಲ್ಲೂ ಇಲ್ಲ, ಅಸಲಿ ಯಾವುದು ನಕಲಿ ಯಾವುದು ಅಂತ ಹೇಗೆ ಹೇಳೋದು. ಸೈಬರ್ ಕ್ರೈಮ್ ಪೋರ್ಟಲ್ಲಲ್ಲಿ ಕಂಪ್ಲೇಂಟ್ ಕೊಟ್ಟು, ಗೊತ್ತಿದ್ದವರ ಕೈಲೆಲ್ಲಾ ರಿಪೋರ್ಟ್ ಹೊಡೆಸಿ ಆ ಪೇಜ್ ಇಳಿಸೋಕೆ ಹತ್ತಿರ ಹತ್ತಿರ ಮೂರು ವಾರ ಹಿಡೀತು. ಅವತ್ತು ತೀರ್ಮಾನ ಮಾಡ್ದೆ, ನನ್ನ ಮುಖ ಪೇಜಲ್ಲಿ ಇರ್ಲೇಬೇಕು. ಆದ್ರೆ ಹೇಗೆ ಇರ್ಬೇಕು ಅನ್ನೋದು ಗೊತ್ತಾಗ್ಲಿಲ್ಲ.

ದಾರಿ ತೋರಿಸಿದ್ದು ನನ್ನ ಜೊತೆ ಕೆಲಸ ಮಾಡೋ ಮೇಕಪ್ ಆರ್ಟಿಸ್ಟ್, ನಮ್ಮ ಕಡೆಯ ಹುಡುಗಿ. ನಾನು "ಸೆಲ್ಫಿ ತಗೊಳ್ಳುವಾಗ ಆ ಹುಡುಗಿ ಬೇಡ ಅಂತ ಹೇಳ್ಬಹುದಿತ್ತಲ್ಲ" ಅಂದೆ. ಅವಳು ಬ್ರಷ್ ತೊಳೀತಾ ತೊಳೀತಾ ಹೇಳಿದ್ಳು, "ಅವಳ ಫೋಟೊ ಎಲ್ಲಾ ನಿಮ್ಮ ಮೆಮೊರಿ ಕಾರ್ಡಲ್ಲಿ ಇರುವಾಗ ಬೇಡ ಅಂತ ಹೇಗೆ ಹೇಳೋದಣ್ಣ?" ಆ ಮಾತಿಗೆ ನಾನು ಏನೂ ಹೇಳ್ಲಿಲ್ಲ, ಹೇಳೋಕೆ ಏನೂ ಇರ್ಲಿಲ್ಲ. ನಿಜ ತಾನೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು, ಚಳಿಯಲ್ಲಿ ನಿಂತು ಶೂಟ್ ಮುಗಿಸಿರ್ತಾಳೆ, ಎಡಿಟ್ ಆಗದ ರಾ ಫೈಲ್ ನನ್ನ ಹತ್ರ, ಎಡಿಟ್ ನನ್ನ ಕೈಲಿ, ಯಾವಾಗ ಕೊಡ್ತೀನಿ ಅನ್ನೋದೂ ನನ್ನ ಕೈಲಿ. ಆ ಹೊತ್ತಲ್ಲಿ "ಹಾಕ್ಲಾ?" ಅಂತ ಕೇಳಿದ್ರೆ ಯಾರಾದ್ರೂ ಹೂಂ ಅಂತಾರೆ. ಅದು ಒಪ್ಪಿಗೆ ಅಲ್ಲ.

ಈಗ ನಾನು ಮಾಡೋದು ಹೀಗೆ. ಶೂಟ್ ದಿನ ಸೆಲ್ಫಿ ಇಲ್ಲ, ಪಕ್ಕದಲ್ಲಿ ನಿಂತು ಪೋಸ್ ಇಲ್ಲ. ಒಂದು ಹಳೇ ಫೋನ್ ಇದೆ, ಸೆಕೆಂಡ್ ಹ್ಯಾಂಡಲ್ಲಿ ಆರೂವರೆ ಸಾವಿರಕ್ಕೆ ತಗೊಂಡಿದ್ದು. ಅದನ್ನ ಕ್ಲ್ಯಾಂಪಲ್ಲಿ ಮರಕ್ಕೋ ಬೇಲಿಗೋ ಕಟ್ಟಿ ಹತ್ತು ಸೆಕೆಂಡಿಗೆ ಒಂದು ಫೋಟೊ ತೆಗೆಯೋ ಹಾಗೆ ಇಂಟರ್ವಲ್ ಹಾಕಿ ಬಿಟ್ಟುಬಿಡ್ತೀನಿ. ಫೋನ್ ಎಲ್ಲಿ ಕಟ್ಟಿದೀನಿ ಅಂತ ಮೊದಲೇ ಹುಡುಗಿಗೂ ಅವಳ ಮನೆಯವರಿಗೂ ತೋರಿಸ್ತೀನಿ, ಡ್ರೆಸ್ ಬದಲಾಯಿಸೋ ಜಾಗದ ಕಡೆಗೆ ಅದರ ಬೆನ್ನು ಇರ್ಬೇಕು, ಇದು ಕಡ್ಡಾಯ. ಎರಡು ಗಂಟೆಗೆ ಏಳ್ನೂರ ಇಪ್ಪತ್ತು ಫ್ರೇಮ್ ಬರ್ತದೆ, ಅದರಲ್ಲಿ ಐದಾರು ಒಳ್ಳೇದು ಸಿಕ್ರೆ ಜಾಸ್ತಿ. ನಾನು ಇಟ್ಕೊಳ್ಳೋದು ಕ್ಯಾಮೆರಾ ಕಾಣೋ, ಇಬ್ಬರ ಮಧ್ಯೆ ಜಾಗ ಇರೋ, ಮೂರನೇ ಮನುಷ್ಯ ಒಬ್ರು ಕಾಣೋ ಫ್ರೇಮ್ ಮಾತ್ರ. ಅಮ್ಮ, ತಮ್ಮ, ಬೆಳಕು ತಿರುಗಿಸೋ ರಿಫ್ಲೆಕ್ಟರ್ ಹಿಡಿದ ಹುಡುಗ, ಯಾರಾದ್ರೂ ಸರಿ.

ಆಮೇಲೆ ಆ ಫೋಟೊ ಬಗ್ಗೆ ಮಾತೇ ಎತ್ತಲ್ಲ. ಫೈನಲ್ ಎಲ್ಲಾ ಕೊಟ್ಟು, ಲೆಕ್ಕ ಚುಕ್ತಾ ಆಗಿ, ಡ್ರೈವ್ ಲಿಂಕ್ ಡೌನ್‌ಲೋಡ್ ಆಗಿದೆ ಅಂತ ಅವಳೇ ಹೇಳಿದ ಮೇಲೆ ನಾಲ್ಕು ದಿನ ಬಿಟ್ಟು ಮೂರು ಫೋಟೊ ಕಳಿಸಿ, ಹಾಕ್ಬಹುದಾ ಅಂತ ಒಂದು ಮೆಸೇಜ್ ಹಾಕ್ತೀನಿ. ಆ ಮೆಸೇಜಿನ ಕೊನೇ ಸಾಲು ಏನು ಅಂತ ಇಲ್ಲಿ ಹೇಳಲ್ಲ, ಅದನ್ನ ಸರಿಮಾಡೋಕೆ ನನಗೆ ಒಂದು ವರ್ಷ ಬೇಕಾಯ್ತು. ಅವಳು ಒಪ್ಪಿದ್ರೆ ಮೊದಲು ಅವಳು ಹಾಕ್ಬೇಕು, ನನಗೆ ಕೊಲ್ಯಾಬ್ ರಿಕ್ವೆಸ್ಟ್ ಕಳಿಸ್ಬೇಕು, ಅಂದ್ರೆ ಒಂದೇ ಪೋಸ್ಟ್ ಇಬ್ರ ಪೇಜಲ್ಲೂ ಕಾಣ್ತದೆ. ಇನ್‌ಸ್ಟಾಗ್ರಾಮಲ್ಲಿ 2021ರಿಂದ ಆ ಆಪ್ಷನ್ ಇದೆಯಲ್ಲ. ಪೋಸ್ಟ್ ಅವಳದ್ದು, ಅವಳು ಡಿಲೀಟ್ ಮಾಡಿದ್ರೆ ನನ್ನ ಪೇಜಿಂದಾನೂ ಹೋಗ್ತದೆ, ನನ್ನನ್ನ ಕೇಳೋ ಅವಶ್ಯಕತೆಯೇ ಇಲ್ಲ. ಮದುವೆ ಮಾತುಕತೆ ಶುರುವಾದ್ರೆ, ಕೆಲಸ ಸಿಕ್ಕಿದ್ರೆ, ಸುಮ್ನೆ ಮನಸ್ಸು ಬದಲಾದ್ರೂ ಸರಿ. ಎರಡು ವರ್ಷದಲ್ಲಿ ನಲವತ್ತು ಜನರನ್ನ ಕೇಳಿರ್ಬಹುದು, ಇಪ್ಪತ್ತಾರು ಜನ ಹೂಂ ಅಂದ್ರು, ಮೂರು ಜನ ಆಮೇಲೆ ತೆಗೆದ್ರು. ಹದಿನೆಂಟು ತುಂಬದ ಮಕ್ಕಳಾದ್ರೆ ಅಪ್ಪ ಅಮ್ಮ ಒಪ್ಪಿದ್ರೂ ಜೊತೆಗಿನ ಫೋಟೊ ಹಾಕಲ್ಲ, ಆ ವಿಷಯದಲ್ಲಿ ಚರ್ಚೆಯೇ ಇಲ್ಲ.

ಜಿಗಣೆ ಫೋಟೊ ಕಥೆ ಹೇಳ್ತೀನಿ, ಎಲ್ರೂ ಕೇಳೋದು ಅದನ್ನೇ. ಆಗಸ್ಟ್, ಮಲ್ಲಳ್ಳಿ ಫಾಲ್ಸ್ ಕಡೆ ಹೋಗೋ ದಾರಿ ಪಕ್ಕದ ಒಂದು ತೋಟ, ಮಳೆ ಸ್ವಲ್ಪ ಬಿಟ್ಟಿತ್ತು. ಹುಡುಗಿ ಹಸಿರು ಸೀರೆ, ಕೊಡವ ರೀತಿಯಲ್ಲಿ ನೆರಿಗೆ ಹಿಂದಕ್ಕೆ ಹಾಕಿ ಉಟ್ಟಿದ್ಳು, ನೆರಿಗೆ ಕಾಣ್ಬೇಕು ಅಂತ ಅವಳನ್ನ ಬೆನ್ನು ತಿರುಗಿಸಿ ನಿಲ್ಲಿಸಿ ನಾನು ಮಣ್ಣಲ್ಲಿ ಮಂಡಿ ಊರಿ 85 ಎಂಎಂ ಲೆನ್ಸ್ ಹಿಡ್ಕೊಂಡಿದ್ದೆ. ಪಾದದ ಮೇಲೆ ತಣ್ಣಗೆ ಏನೋ ಅನ್ನಿಸ್ತು, ನೋಡಿದ್ರೆ ಎರಡು ಜಿಗಣೆ, ಒಂದು ಆಗಲೇ ಊದ್ಕೊಂಡಿದೆ. ಹುಡುಗಿ ಓಡಿ ಬಂದು ಕ್ಯಾಮೆರಾ ಇಸ್ಕೊಂಡು ಎರಡೂ ಕೈಯಲ್ಲಿ ಎದೆಗೆ ಒತ್ಕೊಂಡ್ಳು, ಕೆಳಗೆ ಬೀಳಬಾರ್ದು ಅಂತ. ಅವಳ ಅಮ್ಮ ಕೊಡೆಯನ್ನ ಹೆಗಲಿಗೆ ಆನಿಸ್ಕೊಂಡು ಬ್ಯಾಗಿಂದ ಪೇಪರಲ್ಲಿ ಕಟ್ಟಿದ ಉಪ್ಪು ತೆಗೆದು ನನ್ನ ಕಾಲಿಗೆ ಹಾಕ್ತಾ ಇದ್ರು. ಬೇಲಿ ಮೇಲಿದ್ದ ಫೋನ್ ಅದೇ ಹೊತ್ತಿಗೆ ಒಂದು ಫ್ರೇಮ್ ತೆಗೆದಿದೆ. ಪ್ಯಾಂಟ್ ಮಡಚಿದ ನಾನು, ಉಪ್ಪು ಹಿಡಿದ ಅಮ್ಮನ ಬೆರಳು, ಕ್ಯಾಮೆರಾ ತಬ್ಬಿಕೊಂಡು ನಗ್ತಾ ಇರೋ ಹುಡುಗಿ. ನಾಲ್ಕನೇ ದಿನಕ್ಕೆ ಕೇಳಿದಾಗ ಅವಳಿಗಿಂತ ಮೊದಲು ಅಮ್ಮನೇ ವಾಯ್ಸ್ ಮೆಸೇಜ್ ಹಾಕಿದ್ರು, "ಹಾಕಿ ಹಾಕಿ, ನನ್ನ ಕೊಡೆ ಚೆನ್ನಾಗಿ ಬಂದಿದೆ." ಆ ಒಂದು ಫೋಟೊದಿಂದ ನನಗೆ ಬಂದ ಕೆಲಸ ಎಂಬತ್ತು ಸಾವಿರಕ್ಕೆ ಕಡಿಮೆ ಇಲ್ಲ. ದುಡ್ಡು ಕೊಟ್ಟು ಬೂಸ್ಟ್ ಮಾಡಿದ ಯಾವ ಪೋಸ್ಟೂ ಅಷ್ಟು ತಂದಿಲ್ಲ, ಅದಕ್ಕೆ ಅಂತ ಹನ್ನೆರಡು ಸಾವಿರ ಸುಟ್ಟಿದ್ದೆ.

ಮಳೆಗಾಲದಲ್ಲಿ ಫೋನಿಗೆ ಜಿಪ್ ಕವರ್ ಹಾಕಿದ್ರೆ ಒಳಗೆ ಆವಿ ಕೂತು ಎಲ್ಲಾ ಫೋಟೊ ಮಬ್ಬಾಗ್ತದೆ, ಒಂದು ಇಡೀ ದಿನದ್ದು ಹಾಗೇ ಹಾಳಾಯ್ತು. ಲೆನ್ಸ್ ಜಾಗದಲ್ಲಿ ಕವರ್ ಕತ್ತರಿಸಿ ಸುತ್ತ ಟೇಪ್ ಹಾಕಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ.

ದುಡ್ಡು ಕೊಟ್ಟು ಮಾಡಿಸೋ ಶೂಟಿನ ಬಗ್ಗೆ ಒಂದು ಮಾತು, ಬಹಳ ಜನಕ್ಕೆ ಇದು ಗೊತ್ತಿಲ್ಲ. ನಾನು ತೆಗೆದದ್ದು, ಫೋಟೊ ನಂದು ಅಂತ ನಾನೂ ಅಂದ್ಕೊಂಡಿದ್ದೆ. ವಿರಾಜಪೇಟೆಯ ಒಂದು ಹುಡುಗಿ ಪೋರ್ಟ್‌ಫೋಲಿಯೊವನ್ನ ಕೇಳದೆ ಹಾಕಿದಾಗ ವಕೀಲರಾದ ಅವಳ ಅಪ್ಪ ಅಂಗಡಿಗೆ ಬಂದು ನಿಧಾನವಾಗಿ ಕೂತು ವಿವರಿಸಿದ್ರು. 1957ರ ಕಾಪಿರೈಟ್ ಕಾಯ್ದೆ ಸೆಕ್ಷನ್ 17ರ ಪ್ರಕಾರ ಒಬ್ರು ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೊದ ಮೊದಲ ಹಕ್ಕು ತೆಗೆಸಿದವರದ್ದೇ, ಬೇರೆ ಥರ ಒಪ್ಪಂದ ಆಗಿದ್ರೆ ಮಾತ್ರ ಬೇರೆ. ಅವತ್ತಿಂದ ನನ್ನ ಹತ್ರ ಒಂದು ಪುಟದ ಕನ್ನಡ ಅಗ್ರಿಮೆಂಟ್ ಇದೆ. ಎಲ್ಲಿ ಹಾಕ್ಬಹುದು, ಎಲ್ಲಿ ಹಾಕ್ಬಾರ್ದು, ಮತ್ತೆ ಯಾವಾಗ ಹೇಳಿದ್ರೂ ಕಾರಣ ಕೇಳದೆ ತೆಗೀತೀನಿ ಅಂತ ಬರೆದು ಇಬ್ರೂ ಸೈನ್ ಹಾಕ್ತೀವಿ. ನನ್ನ ರೇಟ್ ಆರು ಸಾವಿರದಿಂದ ಒಂಬತ್ತಕ್ಕೆ ಏರಿಸಿದ್ದು ಆ ಪೇಪರ್ ಬಂದ್ಮೇಲೆ, ಒಬ್ರೂ ಯಾಕೆ ಅಂತ ಕೇಳಿಲ್ಲ.

ಮಧ್ಯದಲ್ಲಿ ಒಂದು ಬೇರೆ ಪ್ರಯೋಗಾನೂ ಮಾಡ್ದೆ. 1981ರಲ್ಲಿ ಫ್ಯಾಷನ್ ಫೋಟೊಗ್ರಾಫರ್ ಹೆಲ್ಮಟ್ ನ್ಯೂಟನ್ ಪ್ಯಾರಿಸ್ಸಲ್ಲಿ ತೆಗೆದ ಒಂದು ಫೋಟೊ ನೋಡಿರ್ತೀರ, ಕನ್ನಡಿಯಲ್ಲಿ ಕ್ಯಾಮೆರಾ ಮೇಲೆ ಬಗ್ಗಿರೋ ಅವನು, ಮುಂದೆ ಮಾಡೆಲ್, ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ಎಲ್ಲಾ ನೋಡ್ತಾ ಕೂತಿರೋ ಅವನ ಹೆಂಡತಿ. ಆ ಹೆಂಡತಿ ಕೂತಿರೋ ರೀತಿ ನನ್ನ ತಲೆಯಿಂದ ಹೋಗ್ಲೇ ಇಲ್ಲ. ಜನವರಿಯಲ್ಲಿ ಕಾಫಿ ಕೊಯ್ಲು ನಡೀತಾ ಇರುವಾಗ ಅಜ್ಜಿ ಕಾಲದ ಬೀರುವಿನ ಕನ್ನಡಿ ಬಿಚ್ಚಿ ಕಣದ ಮಧ್ಯೆ ಒರಗಿಸಿ ಇಟ್ಟೆ, ಸುತ್ತ ಹಣ್ಣು ಕಾಫಿ ಹರವಿದೆ, ಮಾಡೆಲ್ ಕನ್ನಡಿ ಕಡೆ ಮುಖ ಮಾಡಿದಾಳೆ, ನನ್ನ ಹೆಂಡತಿ ಮೊರ ಹಿಡ್ಕೊಂಡು ಪಕ್ಕದಲ್ಲಿ. ಮಾಮೂಲಿ ಕನ್ನಡಿಯಲ್ಲಿ ಅಂಚಿಗೆ ತೆಳುವಾಗಿ ಎರಡು ಬಿಂಬ ಬರ್ತದೆ, ಆಟೊಫೋಕಸ್ ಹೋಗಿ ಗಾಜಿನ ಮೇಲಿನ ಧೂಳಿಗೆ ಕೂರ್ತದೆ, ಮ್ಯಾನ್ಯುಯಲ್ ಫೋಕಸ್ಸೇ ಗತಿ. ವಾಪಸ್ ತರುವಾಗ ಜೀಪಲ್ಲಿ ಕನ್ನಡಿ ಒಡೆದು ಹೊಸದಕ್ಕೆ ಸಾವಿರದ ನಾನೂರು ಆಯ್ತು. ಆದ್ರೆ ಒಂದು ಫ್ರೇಮ್ ಸಿಕ್ತು, ನನ್ನ ಜೀವನದ ಒಳ್ಳೇ ಹತ್ತು ಫೋಟೊದಲ್ಲಿ ಅದು ಒಂದು. ಆ ಮಾಡೆಲ್‌ಗೂ ಕೇಳಿಯೇ ದೊಡ್ಡ ಪ್ರಿಂಟ್ ಹಾಕ್ಸಿ ಅಂಗಡಿಯಲ್ಲಿ ನೇತು ಹಾಕಿದೀನಿ. ಮಗಳನ್ನ ಕರ್ಕೊಂಡು ಬರೋ ಅಮ್ಮಂದಿರು ಅದನ್ನ ನೋಡಿ "ಇವರು ನಿಮ್ಮ ಮಿಸೆಸ್ಸಾ?" ಅಂತ ಕೇಳ್ತಾರೆ, ಮಾತು ಅಲ್ಲಿಂದಾನೇ ಶುರುವಾಗ್ತದೆ.

ಆನ್‌ಲೈನ್ ಬೇಡ ಅಂದವರಿಗೆ ನಾನು ಶೂಟ್ ದಿನದ ಒಂದು 4x6 ಪ್ರಿಂಟ್ ಮಾಡಿ ಕೊಡ್ತೀನಿ, ಇಪ್ಪತ್ತು ರೂಪಾಯಿ ಒಳಗೆ ಆಗ್ತದೆ. ಅದು ಮನೆ ಶೋಕೇಸಲ್ಲಿ ಕೂರ್ತದೆ, ಪುತ್ತರಿ ಹಬ್ಬಕ್ಕೆ ಬಂದ ನೆಂಟರೆಲ್ಲಾ ನೋಡ್ತಾರೆ. ಹಾಗೆ ಬಂದ ಮದುವೆ ಕೆಲಸವೇ ಎರಡಿದೆ.

ಗ್ರೂಪಲ್ಲಿ ಒಬ್ಬ ಹಿರಿಯರು ಇನ್ನೂ ವಾದ ಮಾಡ್ತಾರೆ, "ಉತ್ತರ ಬರ್ಲಿಲ್ಲ ಅಂದ್ರೆ ಮೌನಂ ಸಮ್ಮತಿ ಲಕ್ಷಣಂ, ಹಾಕಿಬಿಡು" ಅಂತ. ನಾನು ಒಪ್ಪಲ್ಲ ಅಣ್ಣ. ಈ ಕಾಫಿ ಹೂವಿನ ಟೈಮಲ್ಲಿ ಸುಂಟಿಕೊಪ್ಪ ಹತ್ರ ಒಂದು ಶೂಟ್ ಮಾಡಿದೀನಿ, ಇಡೀ ತೋಟ ಬೆಳ್ಳಗೆ, ಜೇನುಹುಳದ ಸದ್ದಿಗೆ ಒಬ್ರ ಮಾತು ಒಬ್ರಿಗೆ ಕೇಳ್ತಾ ಇರ್ಲಿಲ್ಲ. ಅವಳ ತಮ್ಮ ರಿಫ್ಲೆಕ್ಟರನ್ನ ತಲೆ ಮೇಲೆ ಛತ್ರಿ ಥರ ಹಿಡಿದಿದಾನೆ, ನಾನು ಸ್ಕ್ರೀನ್ ತೋರಿಸ್ತಾ ಇದೀನಿ, ಅವಳು ಬಗ್ಗಿ ನೋಡ್ತಾ ಇದಾಳೆ, ಮೂವರ ಮೇಲೂ ಹೂವಿನ ಎಸಳು. ಜಿಗಣೆ ಫೋಟೊಗಿಂತ ಚೆನ್ನಾಗಿದೆ. ಕೇಳಿ ಹನ್ನೊಂದು ದಿನ ಆಯ್ತು, ಬ್ಲೂ ಟಿಕ್ ಬಿದ್ದಿದೆ, ಉತ್ತರ ಇಲ್ಲ. ಎರಡನೇ ಸಲ ಕೇಳೋದಿಲ್ಲ, ಹಾಕೋದೂ ಇಲ್ಲ.